‘ಶ್ವ್’ಗೆ ಸೇರಬೇಕಿದ್ದ ಸ್ವರ

ಹಳೆಯ ಪದಕಗಳ ಮೂಲ ಒಡೆಯರನ್ನು ಗುರುತಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ತರುಣ ತರುಣಿಯರು ಆಗಾಗ ಸಿಡ್ನಿ ಹೊರವಲಯದ ರೌಸ್ ಹಿಲ್‌ನ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತ, ‘ಯಾವ ಪುಸ್ತಕ ಓದಬೇಕು ಸರ್, ಯಾವ ವೆಬ್‌ಸೈಟ್ ನೋಡಬೇಕು’ ಎಂದು ಕೇಳುತ್ತಾರೆ. ನನಗೆ ತಿಳಿದದ್ದನ್ನು ಹೇಳಿ ಕಳುಹಿಸುತ್ತೇನೆ. ಅವರು ಹೋದ ಮೇಲೆ, ಹೇಳಬೇಕಾದದ್ದು ಬೇರೆಯೇ ಇತ್ತಲ್ಲ ಎನಿಸುತ್ತದೆ. ಅದನ್ನು ಇಷ್ಟದೈವವನ್ನು ನೆನೆದು, ಅವಸರವಿಲ್ಲದೆ, ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಸಿಡ್ನಿಯ ಒಂದು ಹರಾಜು ಸಂಸ್ಥೆಯಲ್ಲಿ ಬಹುಕಾಲ ಕೆಲಸ ಮಾಡಿ ಈಚೆಗೆ ನಿವೃತ್ತನಾದವನು. ಮಾರಾಟಕ್ಕೆ ಬಂದ ಪದಕಗಳನ್ನು ಪರೀಕ್ಷಿಸುವುದು, ಅವು ಯಾರಿಗೆ ಸಂದವು ಎಂದು ಪತ್ತೆಹಚ್ಚುವುದು, ಆ ವಿವರವನ್ನು ಕ್ಯಾಟಲಾಗಿಗೆ ಬರೆಯುವುದು ನನ್ನ ಉದ್ಯೋಗ. ಬ್ರಿಟಿಷ್ ಪದಕಗಳಾದರೆ ಕೆಲಸ ಸುಲಭ. ಪಡೆದವನ ಹೆಸರನ್ನು ಸರ್ಕಾರವೇ ಅಂಚಿನಲ್ಲಿ ಕೊರೆದಿರುತ್ತದೆ. ಜರ್ಮನಿಯ ಹಳೆಯ ಪದಕಗಳಲ್ಲಿ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ. ಅಲ್ಲಿ ಒಂದೊಂದು ಸಂಸ್ಥಾನಕ್ಕೂ ಒಬ್ಬೊಬ್ಬ ದೊರೆ, ಒಬ್ಬೊಬ್ಬ ದೊರೆಗೂ ಬೇರೆ ಬೇರೆ ಪದಕ. ಒಬ್ಬನೇ ವ್ಯಕ್ತಿಗೆ ಸಂದ ನಾಲ್ಕಾರು ಪದಕಗಳನ್ನು ಒಂದು ಪಟ್ಟಿಗೆ ಹೊಲಿದಿರುತ್ತಾರೆ. ಯಾವ ಯಾವ ಪದಕ ಸೇರಿದೆ, ಯಾವುದು ಮೊದಲು ನಿಂತಿದೆ ಎಂಬುದರಿಂದಲೇ ಮನುಷ್ಯನನ್ನು ಊಹಿಸಬೇಕು.

ಮೈಸೂರಿನಲ್ಲಿ ಸಂಸ್ಕೃತ ವಿದ್ವತ್ ಮುಗಿಸಿದವನು ಈ ಕೆಲಸಕ್ಕೆ ಹೇಗೆ ಬಂದೆ ಎಂದು ಕೇಳುವವರುಂಟು. ನಮ್ಮ ಶಾಸ್ತ್ರಗ್ರಂಥಗಳ ಬಗ್ಗೆ ಜರ್ಮನ್ ಪಂಡಿತರು ಬರೆದದ್ದನ್ನು ಓದಬೇಕೆಂಬ ಹಂಬಲದಿಂದ ನಾನು ಆ ಭಾಷೆಯನ್ನು ಕಲಿತಿದ್ದೆ. ಸಿಡ್ನಿಗೆ ಬಂದ ಹೊಸತರಲ್ಲಿ ಅದೇ ಹರಾಜು ಸಂಸ್ಥೆಯ ಗೋದಾಮಿನಲ್ಲಿ ಪಿಂಗಾಣಿ ಸಾಮಾನುಗಳಿಗೆ ಕಾಗದ ಸುತ್ತುತ್ತಿದ್ದೆ. ಒಂದು ದಿನ ಒಂದು ಪೆಟ್ಟಿಗೆಯ ಮೇಲಿನ ಜರ್ಮನ್ ಬರಹವನ್ನು ಗಟ್ಟಿಯಾಗಿ ಓದಿದೆ. ಪದಕ ವಿಭಾಗದ ಮುಖ್ಯಸ್ಥ ಗ್ರಹಾಂ ಅದನ್ನು ಕೇಳಿಸಿಕೊಂಡು ನನ್ನನ್ನು ಮೇಲಿನ ಮಹಡಿಗೆ ಕರೆದೊಯ್ದ. ನನ್ನದು ನಿಘಂಟಿನ ಜರ್ಮನ್, ಬೀದಿಯ ಜರ್ಮನ್ ಅಲ್ಲ, ಆಸ್ಪತ್ರೆಯ ಜರ್ಮನ್ ಅಂತೂ ಅಲ್ಲವೇ ಅಲ್ಲ. ಇದನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮೊದಲ ವಾರವೇ ಒಂದು ಅನಾಹುತ ಮಾಡಿದೆ. ಕಪ್ಪಿಟ್ಟ ಬೆಳ್ಳಿಯ ಪದಕವೊಂದನ್ನು ಗ್ರಹಾಂ ನನ್ನ ಮೇಜಿನ ಮೇಲಿಟ್ಟು ಊಟಕ್ಕೆ ಹೋದ. ಬೆಳ್ಳಿ ಹಾಗೆ ಕಪ್ಪಾಗಿರುವುದನ್ನು ನೋಡುತ್ತ ಕೂರುವ ಸಂಸ್ಕಾರ ನನ್ನದಲ್ಲ. ಚೀಲದಲ್ಲಿ ಸದಾ ವಿಭೂತಿಯ ಪೊಟ್ಟಣ ಇರುತ್ತಿತ್ತು. ಹಬ್ಬದ ಹಿಂದಿನ ದಿನ ದೇವರ ಸಾಮಾನು ಉಜ್ಜುವಂತೆ ಉಜ್ಜಿ, ಥಳಥಳ ಹೊಳೆಯುವಂತೆ ಮಾಡಿ, ಕರವಸ್ತ್ರದ ಮೇಲಿಟ್ಟೆ. ಗ್ರಹಾಂ ಬಂದು ನೋಡಿ ಕುರ್ಚಿ ಹಿಡಿದುಕೊಂಡ.

“ಮೂರ್ತಿ, ಇದು ಏನು?”

“ತೊಳೆದೆ.”

“ಯಾತರಿಂದ?”

“ಪವಿತ್ರ ಭಸ್ಮದಿಂದ.”

ಅವನು ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ, “ಮೇಟ್, ಆ ಕಪ್ಪು ಕೊಳೆಯಲ್ಲ. ಅದು ಪದಕದ ವಯಸ್ಸು. ನೀನು ಒಬ್ಬ ಮುದುಕನ ಮುಖದ ಸುಕ್ಕುಗಳನ್ನೆಲ್ಲ ಒರೆಸಿ ಹಾಕಿದ್ದೀಯ” ಎಂದ. ಅಂದಿನಿಂದ ಪೊಟ್ಟಣ ಮನೆಯ ದೇವರ ಮನೆಯಲ್ಲಿಯೇ ಉಳಿಯಿತು. ಹೊಸಬರೇ, ಯಾವುದನ್ನೂ ಉಜ್ಜಬೇಡಿ. ಅಕ್ಷರದೊಳಗೆ ಸೇರಿಕೊಂಡ ಕೊಳೆಯೇ ಒಮ್ಮೊಮ್ಮೆ ಅಕ್ಷರವನ್ನು ಉಳಿಸಿರುತ್ತದೆ.

ಇನ್ನೊಂದು ಎಡವಟ್ಟು ಎಡಬಲದ್ದು. ನಮ್ಮ ಮನೆತನದವರು ತಲೆಮಾರುಗಳಿಂದ ಅರ್ಚಕರು. ವಿಗ್ರಹದ ಬಲಗೈಯಲ್ಲಿ ಚಕ್ರ ಎಂದರೆ ದೇವರ ಬಲಗೈ, ಎದುರು ನಿಂತು ಕೈಮುಗಿದ ನಮ್ಮ ಬಲವಲ್ಲ. ನಾನು ಪದಕಗಳ ಸಾಲನ್ನೂ ಹಾಗೆಯೇ ವರ್ಣಿಸಿದೆ. ‘ಬಲತುದಿಯಲ್ಲಿ ಇರುವುದು ಬವೇರಿಯಾದ್ದು’ ಎಂಬ ನನ್ನ ಮಾತನ್ನು ನಂಬಿದ ಗಿರಾಕಿಯೊಬ್ಬ ಇನ್ನೊಂದು ತುದಿಯ ಪದಕವನ್ನು ನೋಡಿಕೊಂಡು ಜಗಳಕ್ಕೆ ಬಂದ. “ಯಾರ ಬಲ, ಮೂರ್ತಿ?” ಎಂದು ಗ್ರಹಾಂ ಕೇಳಿದ. “ತೊಟ್ಟವರ ಬಲ” ಎಂದೆ. ಯುರೋಪಿನ ಲಾಂಛನಶಾಸ್ತ್ರದವರೂ ಗುರಾಣಿಯ ಬಲವನ್ನು ಹಿಡಿದವನ ಕಡೆಯಿಂದಲೇ ಎಣಿಸುತ್ತಾರೆಂದು ಅವನಿಗೆ ಗೊತ್ತಿತ್ತು. ನಕ್ಕು, “ಶಾಸ್ತ್ರ ನಿನ್ನ ಕಡೆಗಿದೆ, ಗಿರಾಕಿ ಮಾತ್ರ ಎದುರು ಕಡೆಗಿದ್ದಾನೆ” ಎಂದ. ಬೇರೆಯವರು ನಕ್ಕರೂ ನನ್ನ ಆ ಅಭ್ಯಾಸ ಹೋಗಲಿಲ್ಲ. ಪದಕವನ್ನು ನೋಡುವಾಗ, ನೋಡುವವನ ಜಾಗದಿಂದ ಎದ್ದು ತೊಟ್ಟವರ ಜಾಗದಲ್ಲಿ ನಿಲ್ಲಬೇಕೆಂಬುದು ನನ್ನ ನಂಬಿಕೆ.

ಕೆಲಸದ ಕ್ರಮ ನನ್ನ ಕಣ್ಣೆದುರೇ ಬದಲಾಯಿತು. ಮೊದಲೆಲ್ಲ ಒಂದು ಪ್ರಶ್ನೆಯನ್ನು ಅಂಚೆಗೆ ಹಾಕಿ ಉತ್ತರಕ್ಕೆ ಋತು ಬದಲಾಗುವವರೆಗೆ ಕಾಯುತ್ತಿದ್ದೆವು. ಕಾಯುವಾಗ ವಸ್ತು ಮೇಜಿನ ಮೇಲೆಯೇ ಇರುತ್ತಿತ್ತು, ದಿನವೂ ಅದರ ದರ್ಶನವಾಗುತ್ತಿತ್ತು. ಈಗ ಫೋನಿನಲ್ಲಿ ಫೋಟೊ ಬರುತ್ತದೆ, ಒಂದು ಪದ ಟೈಪ್ ಮಾಡಿದರೆ ಸಾವಿರ ಉತ್ತರ ಬರುತ್ತವೆ. ನಾನು ಇದನ್ನು ದೂರುತ್ತಿಲ್ಲ. ಹೊಸ ಉಪಕರಣಗಳು ನನ್ನನ್ನೂ ಕಾಪಾಡಿವೆ. ಆದರೆ ಉತ್ತರ ಬೇಗ ಬಂದಷ್ಟೂ ಪ್ರಶ್ನೆ ಕೇಳುವುದನ್ನು ನಾವು ಬೇಗ ನಿಲ್ಲಿಸುತ್ತೇವೆ. ನನ್ನ ಸೇವೆಯ ಕೊನೆಯ ವರ್ಷದಲ್ಲಿ ನಡೆದದ್ದು ಅದೇ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಿಂದ ಹೆಲ್ಗಾ ಎಂಬ ವೃದ್ಧೆ ಮೂರು ಜರ್ಮನ್ ಪದಕಗಳ ಒಂದು ಗುಂಪನ್ನು ಮಾರಾಟಕ್ಕೆಂದು ಕಳುಹಿಸಿದರು. ಕಂಚಿನ ಪಟ್ಟಿಯೊಂದಕ್ಕೆ ಮೂರರ ರಿಬ್ಬನ್ನುಗಳನ್ನೂ ಸುತ್ತಿ ಸಾಲಾಗಿ ಹೊಲಿದಿತ್ತು. ಮೊದಲನೆಯದು ಸ್ಯಾಕ್ಸನಿ ದೊರೆ ಯುದ್ಧಕಾಲದ ಸೇವೆಗೆ ಕೊಟ್ಟ ಶಿಲುಬೆ. ಎರಡನೆಯದು ರೆಡ್ ಕ್ರಾಸ್ ಪದಕ, ಕೆಂಪು ರಿಬ್ಬನ್ನು, ಅಂಚಿನಲ್ಲಿ ಕಪ್ಪು ಬಿಳುಪು. ಮೂರನೆಯದು ಮೊದಲ ಮಹಾಯುದ್ಧ ಮುಗಿದು ವರ್ಷಗಳ ಮೇಲೆ ಅದರಲ್ಲಿ ಸೇವೆ ಸಲ್ಲಿಸಿದವರಿಗೆಲ್ಲ ಕೊಟ್ಟ ಗೌರವ ಶಿಲುಬೆ. ರೆಡ್ ಕ್ರಾಸ್ ಪದಕದ ಅಂಚಿನಲ್ಲಿ ಯಾರೋ ಸ್ವಂತ ಖರ್ಚಿನಲ್ಲಿ ಕೊರೆಯಿಸಿದ್ದ ಒಂದು ಹೆಸರಿತ್ತು. ಅದೇ ಅಪರೂಪ. ‘ಎಂ. ಬ್ರಾಂಟ್’ ಎಂಬ ಹೆಸರು. ಹೆಸರಿಗೆ ಮೊದಲು ಒಂದು ಸಂಕ್ಷೇಪ. ನಮ್ಮ ಲಿಪಿಯಲ್ಲಿ ಬರೆದರೆ ‘ಶ್ವ್’ ಎಂದು ಸ್ವರವಿಲ್ಲದೆ ಅರ್ಧಕ್ಕೆ ನಿಂತ ಒತ್ತಕ್ಷರ, ಮುಂದೆ ಒಂದು ಚುಕ್ಕಿ.

ಗ್ರಹಾಂ ಅದನ್ನು ಭೂತಗನ್ನಡಿಯಲ್ಲಿ ನೋಡಿ, “ಶ್ವಾದ್ರೋನ್” ಎಂದ. ಶ್ವಾದ್ರೋನ್ ಎಂದರೆ ಕುದುರೆ ಸವಾರರ ತುಕಡಿ. ನಾನೂ ತಲೆಯಾಡಿಸಿದೆ. ನಮ್ಮ ಮೇಜಿಗೆ ಬರುವ ಜರ್ಮನ್ ಪದಕಗಳೆಲ್ಲ ಸೈನಿಕರವೇ. ಸೈನ್ಯದ ಕಾಗದಪತ್ರಗಳಲ್ಲಿ ಆ ಸಂಕ್ಷೇಪವನ್ನು ಹತ್ತಾರು ಸಲ ಹಾಗೆಯೇ ಓದಿ ಅಭ್ಯಾಸವಾಗಿತ್ತು. ‘ಅಶ್ವದಳದ ಎಂ. ಬ್ರಾಂಟ್‌ಗೆ ಸಂದ ಪದಕಗಳು’ ಎಂದು ಕರಡು ಬರೆದು ಹೆಲ್ಗಾ ಅವರಿಗೆ ಫೋನ್ ಮಾಡಿದೆ.

“ಒಳ್ಳೆಯ ಸುದ್ದಿ. ಹೆಸರು ಸಿಕ್ಕಿದೆ. ಅಶ್ವದಳದ ಬ್ರಾಂಟ್ ಎಂಬುವವರು. ನಿಮ್ಮ ಬಂಧುಗಳೇ?”

ಅವರು ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು.

“ಆ ಹೆಸರನ್ನು ನಾನು ಕೇಳಿಯೇ ಇಲ್ಲ” ಎಂದರು. “ಹಾಗಾದರೆ ಕೆನ್ ಹೇಳಿದ್ದೇ ನಿಜವಾಯಿತು.”

ಅವರು ಹೇಳಿದ ಕಥೆ ಇಷ್ಟು. ಎರಡನೆಯ ಯುದ್ಧದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಶಿಶು ಹೆಲ್ಗಾ. ಯುದ್ಧ ಮುಗಿದ ಕೆಲವು ವರ್ಷಗಳ ಮೇಲೆ, ಐದಾರು ವರ್ಷದವರಾಗಿದ್ದ ಅವರನ್ನು ಕರೆದುಕೊಂಡು ಹಡಗು ಹತ್ತಿ ಮೆಲ್ಬರ್ನ್‌ಗೆ ಬಂದವರು ಮಾರ್ಥಾ ಲಿಂಡ್ನರ್ ಎಂಬ ವಯಸ್ಸಾದ ವಿಧವೆ. ರಕ್ತಸಂಬಂಧವಿಲ್ಲ. ಹೆಲ್ಗಾ ಮಾರ್ಥಾರನ್ನು ‘ಟಾಂಟೆ’ ಎಂದು, ಅಂದರೆ ಅತ್ತೆ ಚಿಕ್ಕಮ್ಮ ಎಂಬ ಅರ್ಥದಲ್ಲಿ ಕರೆದರು. ಟಾಂಟೆ ಇಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಿ ಹುಡುಗಿಯನ್ನು ಓದಿಸಿದರು. ಹಿಂದಿನದರ ಬಗ್ಗೆ ಬಾಯಿ ಬಿಡಲಿಲ್ಲ. ಅವರು ತೀರಿಕೊಂಡಾಗ ಗುಂಡಿಗಳ ಡಬ್ಬಿಯ ಅಡಿಯಲ್ಲಿ ಈ ಪದಕಗಳು ಸಿಕ್ಕವು. ಹೆಲ್ಗಾ ಅವರ ಗಂಡ ಕೆನ್ ತಮಾಷೆಯ ಮನುಷ್ಯ. “ನಿನ್ನ ಟಾಂಟೆ ಯಾವುದೋ ಸತ್ತ ಸಿಪಾಯಿಯ ಎದೆಯಿಂದ ಕಿತ್ತುಕೊಂಡಿರಬೇಕು” ಎಂದು ಹಾಸ್ಯ ಮಾಡುತ್ತಿದ್ದ. ಕೆನ್ ಈಗಿಲ್ಲ. ಹಾಸ್ಯ ಮಾತ್ರ ಮನೆಯಲ್ಲಿ ಉಳಿದುಕೊಂಡಿತ್ತು.

“ನಾನು ವೃದ್ಧಾಶ್ರಮಕ್ಕೆ ಹೋಗುತ್ತಿದ್ದೇನೆ, ಮಿಸ್ಟರ್ ಮೂರ್ತಿ. ಅಲ್ಲಿ ಒಂದೇ ಕೋಣೆ. ಟಾಂಟೆಯ ಫೋಟೊ ಗೋಡೆಗೆ ಹಾಕಬೇಕು ಅಂತಿದ್ದೆ. ಪಕ್ಕದಲ್ಲಿ ಪದಕಗಳನ್ನು ಇಡಬೇಕೋ ಬೇಡವೋ ಎಂದು ತಿಳಿಯಬೇಕಿತ್ತು. ಕದ್ದದ್ದಾದರೆ ಹೇಗೆ ಇಡಲಿ? ಮಾರಿಬಿಡಿ. ಅಶ್ವದಳದವನ ಸಾಮಾನು ಅಂಥದ್ದು ಬೇಕೆನ್ನುವವರಿಗೇ ಹೋಗಲಿ.”

ಫೋನ್ ಇಟ್ಟು ನನ್ನ ಕರಡನ್ನು ಮತ್ತೆ ಓದಿದೆ. ತನ್ನನ್ನು ಸಾಕಿದ ತಾಯಿಯನ್ನು ಕಳ್ಳಿಯೆಂದು ನಂಬಿಯೇ ಒಂದು ಜೀವ ಕೊನೆಯ ಕೋಣೆಗೆ ಹೊರಟಿತ್ತು. ಆ ನಂಬಿಕೆಗೆ ಮುದ್ರೆ ಒತ್ತಿದವನು ನಾನೇ ಆಗಿದ್ದೆ.

ಮರುದಿನ ಬೆಳಗ್ಗೆ ಎಂದಿನಂತೆ ರೌಸ್ ಹಿಲ್‌ನಲ್ಲಿ ಮೆಟ್ರೊ ಹತ್ತಿದೆ. ನಮ್ಮ ಸಬರ್ಬಿನ ಪವನ್ ಒಳಗೆ ಕುಳಿತಿದ್ದ. ತುಮಕೂರಿನ ಹುಡುಗ, ಓದಲು ಬಂದು ಇಲ್ಲೇ ನಿಂತವನು, ನಾರ್ತ್ ಸಿಡ್ನಿಯಲ್ಲಿ ಸಾಫ್ಟ್‌ವೇರ್ ಕೆಲಸ.

“ಅಂಕಲ್, ಬನ್ನಿ ಬನ್ನಿ, ಸೀಟ್ ಹಿಡಿದಿದೀನಿ. ನಿಮ್ಮನ್ನೇ ಕಾಯ್ತಿದ್ದೆ. ನನ್ ಮದುವೆ ಇನ್ವಿಟೇಷನ್ ರೆಡಿ ಆಯ್ತು, ಪ್ರಿಂಟ್‌ಗೆ ಕೊಡೋಕ್ ಮುಂಚೆ ಒಂದ್ ಸಲ ನೋಡ್ಬಿಡಿ. ಮೂರ್ತಿ ಅಂಕಲ್‌ಗೆ ತೋರಿಸ್ದೆ ಪ್ರಿಂಟ್ ಮಾಡಿಸ್ಬೇಡ ಅಂತ ಅಮ್ಮ ಫೋನ್ ಮಾಡಿ ಮಾಡಿ ತಲೆ ತಿಂತಿದಾರೆ.”

ಫೋನಿನ ಪರದೆಯ ಮೇಲೆ ಲಗ್ನಪತ್ರಿಕೆ ನೋಡಿದೆ. ಗಣಪತಿಯ ಚಿತ್ರ ಚೆನ್ನಾಗಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಚಿ|| ಸೌ|| ಪವನ್’ ಎಂದಿತ್ತು.

“ಮದುವೆ ಹೆಣ್ಣು ಯಾರಪ್ಪ?”

“ದೀಪಿಕಾ ಅಂಕಲ್. ಬೆಂಗ್ಳೂರೋರು. ಮೊನ್ನೆ ದೇವಸ್ಥಾನದಲ್ಲಿ ಪರಿಚಯ ಮಾಡಿಸ್ದೆನಲ್ಲ.”

“ಅವಳೂ ಚಿ.ಸೌ., ನೀನೂ ಚಿ.ಸೌ. ಹಾಗಾದರೆ ಇದು ಇಬ್ಬರು ವಧುಗಳ ಮದುವೆ. ವರ ಎಲ್ಲಿ?”

“ಅಯ್ಯೋ, ಯಾಕಂಕಲ್?”

“ಚಿ.ಸೌ. ಅಂದರೆ ಚಿರಂಜೀವಿ ಸೌಭಾಗ್ಯವತಿ.”

ಅವನು ತಲೆಯ ಮೇಲೆ ಕೈ ಹೊತ್ತುಕೊಂಡ. “ಅಕ್ಕನ ಇನ್ವಿಟೇಷನ್ ಕಾಪಿ ಮಾಡಿ ಹೆಸರು ಚೇಂಜ್ ಮಾಡ್ದೆ ಅಂಕಲ್. ಸೌ ಅಂದ್ರೆ ಸೌಭಾಗ್ಯವಂತ ಅಂದ್ಕೊಂಡೆ. ಇಲ್ಲೇ ಪರ್ಮನೆಂಟಾಗಿ ಇರೋಕೆ ಪಿಆರ್ ಸಿಕ್ಕಿದೆ, ಹುಡುಗಿ ಸಿಕ್ಕಿದಾಳೆ, ನನ್ಗಿಂತ ಸೌಭಾಗ್ಯವಂತ ಯಾರಿದಾರೆ ಹೇಳಿ! ಫ್ರೆಂಡ್ಸ್‌ಗೇನಾದ್ರೂ ಕಳ್ಸಿದ್ರೆ ಜೀವಮಾನ ಪೂರ್ತಿ ರೇಗ್ಸೋರು.”

ನಾವಿಬ್ಬರೂ ನಕ್ಕೆವು. ನಗುತ್ತಿದ್ದಂತೆಯೇ ನನ್ನ ನಗು ಅರ್ಧಕ್ಕೆ ನಿಂತಿತು. ಹೆಸರಿಗೆ ಮೊದಲು ಒಂದು ಕತ್ತರಿಸಿದ ಅಕ್ಷರ. ಅದನ್ನು ತುಂಬಿಕೊಳ್ಳುವವನು ತನ್ನ ಅಭ್ಯಾಸದಿಂದ ತುಂಬಿಕೊಳ್ಳುತ್ತಾನೆ. ಹೆಣ್ಣು ಗಂಡಾಗುತ್ತದೆ, ಗಂಡು ಹೆಣ್ಣಾಗುತ್ತದೆ. ‘ಶ್ವ್’ ಎಂಬುದಕ್ಕೆ ಆಕಾರ ಸೇರಿಸಿ ನಾವು ಶ್ವಾದ್ರೋನ್ ಮಾಡಿದ್ದೆವು. ಎಕಾರ ಸೇರಿಸಿದರೆ?

“ಪವನ್, ನಿಮ್ಮ ತುಮಕೂರಿನ ಆಸ್ಪತ್ರೆಯಲ್ಲಿ ನರ್ಸನ್ನು ಏನೆಂದು ಕರೆಯುತ್ತಿದ್ದಿರಿ?”

“ಸಿಸ್ಟರ್ ಅಂತ. ಯಾಕಂಕಲ್, ಹುಷಾರಿಲ್ವಾ? ಡಾಕ್ಟರ್ ಹತ್ರ ಹೋಗೋಣ್ವಾ?”

“ಹುಷಾರಾಗಿಯೇ ಇದ್ದೇನಪ್ಪ. ಈಗ ತಾನೇ ಹುಷಾರಾದೆ.”

ಸಿಸ್ಟರ್ ಎಂಬುದಕ್ಕೆ ಜರ್ಮನ್ ಭಾಷೆಯಲ್ಲಿ ಶ್ವೆಸ್ಟರ್. ಒಡಹುಟ್ಟಿದವಳೆಂಬ ಅರ್ಥ ನನಗೆ ನಿಘಂಟಿನಿಂದ ಗೊತ್ತಿತ್ತು. ಅಲ್ಲಿಯವರೂ ನಮ್ಮ ಹಾಗೆಯೇ ದಾದಿಯ ಹೆಸರಿಗೆ ಅದನ್ನು ಮುಂದಿಟ್ಟು ಕರೆಯುತ್ತಾರೆಂಬುದು ನನ್ನ ಗ್ರಂಥಗಳಲ್ಲಿ ಇರಲಿಲ್ಲ.

ಪಾಠಶಾಲೆಯಲ್ಲಿ ಗುರುಗಳು ಅಧ್ಯಾಹಾರದ ಪಾಠ ಮಾಡಿದ್ದರು. ವಾಕ್ಯದಲ್ಲಿ ಬಿಟ್ಟುಹೋದ ಪದವನ್ನು ಓದುಗ ತುಂಬಿಕೊಳ್ಳುವುದೇ ಅಧ್ಯಾಹಾರ. ಮನಸ್ಸಿಗೆ ಬಂದದ್ದನ್ನು ತುಂಬುವಂತಿಲ್ಲ. ತುಂಬಿದ ಪದಕ್ಕೂ ಸುತ್ತಲಿನ ಪದಗಳಿಗೂ ಪರಸ್ಪರ ಯೋಗ್ಯತೆ ಇರಬೇಕು. ‘ಬೆಂಕಿಯಿಂದ ತೋಯಿಸಿದನು’ ಎಂದರೆ ವ್ಯಾಕರಣ ಸರಿ, ಯೋಗ್ಯತೆ ಇಲ್ಲ. ಈ ಮೂರು ಪದಕಗಳ ವಾಕ್ಯವನ್ನು ನಾನು ಹಾಗೆ ಓದಿಯೇ ಇರಲಿಲ್ಲ. ರಣರಂಗದಲ್ಲಿ ಹೋರಾಡಿದವರ ಗೌರವ ಶಿಲುಬೆಯಲ್ಲಿ ಕತ್ತಿಗಳಿರುತ್ತವೆ. ಇದರಲ್ಲಿ ಕತ್ತಿ ಇಲ್ಲ. ಮಿಕ್ಕ ಎರಡೂ ಸೇವೆಯ ಪದಕಗಳು. ಇವುಗಳ ನಡುವೆ ಕುದುರೆ ಸವಾರನನ್ನು ತಂದು ಕೂರಿಸಿದ್ದು ಬೆಂಕಿಯಿಂದ ತೋಯಿಸಿದಂತೆಯೇ.

ಕಚೇರಿಗೆ ಹೋಗಿ ಗ್ರಹಾಂ ಎದುರು ನಿಂತೆ.

“ಕ್ಯಾಟಲಾಗ್ ಪ್ರೆಸ್ಸಿಗೆ ಹೊರಟಿದೆ, ಮೂರ್ತಿ. ಮೇಟ್, ದಯವಿಟ್ಟು ಇವತ್ತು ಸಂಸ್ಕೃತ ಬೇಡ” ಎಂದ ನನ್ನ ಮುಖ ನೋಡಿ.

“ಕುದುರೆ ಸವಾರನ ಕತ್ತಿ ಎಲ್ಲಿ?”

“ಸವಾರನೇ ಆಗಬೇಕೆಂದಿಲ್ಲ. ದಳದ ಗುಮಾಸ್ತ ಇರಬಹುದು. ಲಾಳ ಕಟ್ಟುವವನಿರಬಹುದು.”

“ದಾದಿ ಇರಬಹುದು.”

ಅವನು ಪೆನ್ನು ಕೆಳಗಿಟ್ಟ. “ದಾದಿಯಾದರೆ ಈ ಪಟ್ಟಿ ಎಲ್ಲಿಂದ ಬಂತು? ಇದು ಗಂಡಸರು ತೊಡುವ ಕ್ರಮ. ಹೆಂಗಸರು ಪದಕವನ್ನು ರಿಬ್ಬನ್ನಿನ ಬೋ ಕಟ್ಟಿ ತೊಡುತ್ತಿದ್ದರು. ನಿನಗೂ ಗೊತ್ತು.”

ನ್ಯಾಯವಾದ ಆಕ್ಷೇಪಣೆ. ಪದಕಗಳನ್ನು ಮತ್ತೆ ಹೊರಗೆ ತೆಗೆದು, ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಆಗ ಮಾಡಿದೆವು. ನೇರಳಾತೀತ ಬೆಳಕಿನ ಪುಟ್ಟ ಟಾರ್ಚೊಂದು ಈಗ ನಮ್ಮ ವೃತ್ತಿಯ ಎಲ್ಲರ ಜೇಬಿನಲ್ಲೂ ಇರುತ್ತದೆ. ಹಳೆಯ ಕಾಲದ ನೂಲು ಆ ಬೆಳಕಿನಲ್ಲಿ ಮಂಕಾಗಿಯೇ ಇರುತ್ತದೆ, ಈಚಿನ ದಾರ ನೀಲಿಬಿಳಿಯಾಗಿ ಹೊಳೆಯುತ್ತದೆ. ಕಿಟಕಿಯ ಪರದೆ ಎಳೆದು ಗ್ರಹಾಂ ಟಾರ್ಚು ಹಿಡಿದ. ಪಟ್ಟಿಯ ಹೊಲಿಗೆಯೆಲ್ಲ ದೀಪಾವಳಿಯ ಸಾಲಿನಂತೆ ಹೊಳೆಯಿತು.

“ಇದು ಅವಳ ಕಾಲದ ಹೊಲಿಗೆಯಲ್ಲ” ಎಂದ ಗ್ರಹಾಂ. ‘ಅವನ’ ಎನ್ನದೆ ‘ಅವಳ’ ಎಂದನೆಂಬುದನ್ನು ನಾನು ಗಮನಿಸಿದೆ.

ಪಟ್ಟಿಯ ಹಿಂಬದಿಯನ್ನು ತಿರುಗಿಸಿದೆ. ಹೊಲಿದವನು ಪುಣ್ಯಾತ್ಮ, ಉದ್ದ ಹೆಚ್ಚಾದ ರಿಬ್ಬನ್ನನ್ನು ಕತ್ತರಿಸದೆ ಮಡಚಿ ಒಳಗೆ ಸೇರಿಸಿದ್ದ. ಅಷ್ಟು ಉದ್ದದ ರಿಬ್ಬನ್ನು ಪಟ್ಟಿಗೆ ಬೇಕಾಗಿಯೇ ಇರಲಿಲ್ಲ. ರೇಷ್ಮೆಯ ಮೇಲೆ ಓರೆಯಾದ ಹಳೆಯ ಗೆರೆಗಳಿದ್ದವು. ಬಾಲ್ಯದಲ್ಲಿ ತಂದೆಯವರ ಜೊತೆ ಉತ್ಸವಮೂರ್ತಿಗೆ ವಸ್ತ್ರ ಉಡಿಸುತ್ತಿದ್ದೆ. ಹಿಂದಿನ ಅಲಂಕಾರದ ನೆರಿಗೆ ಎಲ್ಲಿತ್ತೆಂದು ರೇಷ್ಮೆ ತಾನೇ ತೋರಿಸುತ್ತದೆ, ಬೆರಳು ಅದನ್ನು ಅನುಸರಿಸಿದರೆ ಸಾಕು. ಈ ಗೆರೆಗಳನ್ನು ಬೆರಳಿನಿಂದ ಸವರಿದೆ. ಗಂಟು ಬಿದ್ದಿದ್ದ ಜಾಗ, ಎರಡು ರೆಕ್ಕೆಗಳು, ಇಳಿಬಿದ್ದ ಎರಡು ತುದಿಗಳು.

“ಬೋ” ಎಂದ ಗ್ರಹಾಂ, ನನ್ನ ಭುಜದ ಮೇಲಿನಿಂದ ಬಗ್ಗಿ ನೋಡುತ್ತ. ಆ ಪುಟವನ್ನು ತಡೆಯಿರೆಂದು ಪ್ರೆಸ್ಸಿಗೆ ಅವನೇ ಫೋನ್ ಮಾಡಿದ. ನಂತರ ನನ್ನ ಕಡೆ ತಿರುಗಿ, “ಇದು ಫೋನಿನಲ್ಲಿ ಹೇಳುವ ಸುದ್ದಿಯಲ್ಲ. ಮೆಲ್ಬರ್ನ್‌ಗೆ ಹೋಗಿ ಬಾ. ಆದರೆ ನೆನಪಿಡು, ಬ್ರಾಂಟ್ ದಾದಿ ಎಂದಷ್ಟೇ ನಮಗೆ ಗೊತ್ತಾಗಿದೆ. ಆ ಮುದುಕಿಯ ಟಾಂಟೆ ಲಿಂಡ್ನರ್. ಇಬ್ಬರೂ ಒಬ್ಬರೇ ಎಂದು ಇನ್ನೂ ಗೊತ್ತಾಗಿಲ್ಲ” ಎಂದ. ಒಳ್ಳೆಯ ಮೇಲಧಿಕಾರಿ ಉತ್ಸಾಹಕ್ಕೆ ಅಡ್ಡ ಬರುವುದಿಲ್ಲ, ಅದರ ಮುಂದೆ ಇನ್ನೊಂದು ಮೆಟ್ಟಿಲಿದೆಯೆಂದು ತೋರಿಸುತ್ತಾನೆ.

ಗ್ಲೆನ್ ವೇವರ್ಲಿ ರೈಲು ಮಾರ್ಗದ ಕೊನೆಯ ನಿಲ್ದಾಣ. ಇಳಿದು ನಡೆದರೆ ಹೆಲ್ಗಾ ಅವರ ಮನೆ. ಬಾಗಿಲಲ್ಲೇ ಕಟ್ಟಿಟ್ಟ ಪೆಟ್ಟಿಗೆಗಳು. ಭಾನುವಾರವಾದ್ದರಿಂದ ಅವರು ಆಗಷ್ಟೇ ಚರ್ಚಿನಿಂದ ಬಂದಿದ್ದರು. ತೆಳ್ಳನೆಯ ಜೀವ, ನೆಟ್ಟಗಿನ ಬೆನ್ನು.

“ಕುರ್ಚಿಗಳನ್ನೆಲ್ಲ ಕೊಟ್ಟುಬಿಟ್ಟೆ. ಪೆಟ್ಟಿಗೆಯ ಮೇಲೆ ಕೂತುಕೊಳ್ಳಿ, ಅದರಲ್ಲಿ ಕೆನ್‌ನ ಪುಸ್ತಕಗಳಿವೆ. ಅವನ ಮೇಲೆ ಕೂರುವುದರಿಂದ ನನಗೇನೂ ಬೇಸರವಿಲ್ಲ” ಎಂದರು.

ಪದಕಗಳನ್ನು ಅವರ ಮುಂದಿಟ್ಟು, “ಈ ಪಟ್ಟಿಗೆ ಹೊಲಿಸಿದವರು ಯಾರು?” ಎಂದು ಕೇಳಿದೆ.

“ಕೆನ್ ಹೊಲಿಸಿದ. ಫ್ರೇಮ್ ಹಾಕಿಸುತ್ತೇನೆ ಎಂದು ಅಂಗಡಿಗೆ ಕೊಟ್ಟ. ಅದಕ್ಕೆ ಮೊದಲು ಸುಮ್ಮನೆ ರಿಬ್ಬನ್ ಗಂಟುಗಳಾಗಿದ್ದವು. ಅಂಗಡಿಯವನು ನೀಟಾಗಿ, ಸಿಪಾಯಿಗಳದರ ಹಾಗೆ ಮಾಡಿಕೊಟ್ಟ.”

“ಗಂಟುಗಳು ಹೇಗಿದ್ದವು?”

“ಬೋ ಹಾಗೆ. ಹುಡುಗಿಯರ ಜಡೆಗೆ ಕಟ್ಟುತ್ತಾರಲ್ಲ, ಹಾಗೆ.”

“ಹೆಲ್ಗಾ, ಒಂದು ಪದ ಹೇಳುತ್ತೇನೆ. ನೀವು ಅದನ್ನು ಎಲ್ಲಿಯಾದರೂ ಕೇಳಿದ್ದರೆ ಹೇಳಿ. ಶ್ವೆಸ್ಟರ್.”

ಅವರು ಕೂಡಲೇ ನಕ್ಕರು. “ಅದಾ? ಟಾಂಟೆಯನ್ನು ಹಡಗಿನಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಶ್ವೆಸ್ಟರ್ ಮಾರ್ಥಾ, ಶ್ವೆಸ್ಟರ್ ಮಾರ್ಥಾ. ಯಾರಿಗಾದರೂ ವಾಂತಿಯಾದರೆ, ಮಗು ಅತ್ತರೆ, ಅವಳನ್ನೇ ಕೂಗುತ್ತಿದ್ದರು. ಇವಳು ಇಷ್ಟು ಜನರಿಗೆ ಅಕ್ಕ ಹೇಗಾದಳು ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ದೊಡ್ಡ ಕುಟುಂಬ ಎಂದುಕೊಂಡಿದ್ದೆ. ಇಲ್ಲಿ ಇಳಿದ ಮೇಲೆ ಆ ಕುಟುಂಬವೆಲ್ಲ ಎಲ್ಲಿಗೆ ಹೋಯಿತೋ ಎಂದು ಅತ್ತಿದ್ದೆ ಕೂಡ...”

ಅವರ ಕೈ ತಾನಾಗಿ ಕೊರಳ ಬಳಿಗೆ ಹೋಯಿತು. ಸ್ವೆಟರಿನ ಮೇಲೆ ಒಂದು ಬ್ರೋಚು ಚುಚ್ಚಿಕೊಂಡಿದ್ದರು. ದುಂಡಗಿನದು, ನಡುವೆ ಬಣ್ಣ ಉದುರಿ ಬೂದುಬಣ್ಣಕ್ಕೆ ತಿರುಗಿದ ಶಿಲುಬೆ.

“ಅದು?” ಎಂದೆ.

“ಇದು ಚರ್ಚಿನ ಬ್ರೋಚು. ಟಾಂಟೆ ಕೊಟ್ಟದ್ದು. ಭಾನುವಾರ ಮಾತ್ರ ಹಾಕಿಕೊಳ್ಳುತ್ತೇನೆ.”

“ಒಂದು ಕ್ಷಣ ಕೊಡುತ್ತೀರಾ?”

ಭೂತಗನ್ನಡಿಯಲ್ಲಿ ನೋಡಿದೆ. ಶಿಲುಬೆಯ ಒಂದು ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಉಳಿದಿತ್ತು. ಜರ್ಮನಿಯಲ್ಲಿ ರೆಡ್ ಕ್ರಾಸ್ ದಾದಿಯರು ತರಬೇತಿ ಪಡೆದ ಸಂಸ್ಥೆಯಿಂದ ಸಂಖ್ಯೆ ಇರುವ ಇಂಥ ಬ್ರೋಚು ಪಡೆಯುತ್ತಿದ್ದರು. ಹಿಂಬದಿಯಲ್ಲಿ ಒಂದು ಸಂಖ್ಯೆ ಇತ್ತು. ಪಿನ್ನಿನ ಕೊಕ್ಕೆಯ ಅಡಿಯಲ್ಲಿ ಏನೋ ಗೀಚಿದಂತಿತ್ತು, ಬರಿಗಣ್ಣಿಗೆ ಅದು ಬರೀ ಕೊಳೆ. ಆದರೆ ಯಾರೂ ಉಜ್ಜಿರದ ಆ ಕೊಳೆ ಕೊರೆದ ಗೆರೆಗಳೊಳಗೆ ಕಪ್ಪಾಗಿ ಕುಳಿತು, ಅಕ್ಷರಗಳನ್ನು ಕಾಡಿಗೆಯಲ್ಲಿ ಬರೆದಂತೆ ಸ್ಪಷ್ಟವಾಗಿ ತೋರಿಸುತ್ತಿತ್ತು. ನಾನು ಬ್ರೋಚನ್ನೂ ಭೂತಗನ್ನಡಿಯನ್ನೂ ಅವರ ಕೈಗೆ ಕೊಟ್ಟೆ. ಕೆಲವನ್ನು ನಾವು ಓದಿ ಹೇಳಬಾರದು.

ಅವರು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದು, ಮಗು ಓದುವಂತೆ ಒಂದೊಂದೇ ಅಕ್ಷರ ಓದಿದರು. “ಶ್ವ್... ಎಂ... ಬ್ರಾಂಟ್.” ಮತ್ತೊಮ್ಮೆ ಓದಿದರು. “ಲಿಂಡ್ನರ್ ಅವಳ ಗಂಡನ ಹೆಸರು. ಮದುವೆಗೆ ಮುಂಚಿನ ಹೆಸರು ಏನೆಂದು ನಾನು ಕೇಳಿಯೇ ಇರಲಿಲ್ಲ, ಮಿಸ್ಟರ್ ಮೂರ್ತಿ. ಮಕ್ಕಳು ಅದನ್ನೆಲ್ಲ ಎಲ್ಲಿ ಕೇಳುತ್ತಾರೆ? ಇಷ್ಟು ವರ್ಷ ಕೊರಳ ಹತ್ತಿರವೇ ಇಟ್ಟುಕೊಂಡು ತಿರುಗಿದೆ.”

ಬ್ರೋಚಿನ ಸಂಖ್ಯೆಯನ್ನು ಜರ್ಮನಿಗೆ ಕಳುಹಿಸಿ, ಅದು ಮಾರ್ಥಾ ಬ್ರಾಂಟ್ ಎಂಬ ದಾದಿಗೇ ಕೊಟ್ಟದ್ದೆಂದು ದೃಢಪಡಿಸಿಕೊಂಡದ್ದು ಆಮೇಲಿನ ಮಾತು. ನಮ್ಮ ವೃತ್ತಿಗೆ ಅದು ಅವಶ್ಯ. ಹೆಲ್ಗಾ ಅವರಿಗೆ ಆ ಕ್ಷಣ ಅದು ಬೇಕಾಗಿರಲಿಲ್ಲ.

“ಮಾರುವುದಿಲ್ಲ” ಎಂದರು. ಆಮೇಲೆ ಹೊಲಿಗೆಯ ಕತ್ತರಿ ತಂದು ನನ್ನ ಮುಂದಿಟ್ಟರು. “ಕೆನ್‌ನ ದಾರ ಬಿಚ್ಚಿ. ಮೊದಲಿನ ಹಾಗೆ ಕಟ್ಟಲು ನಿಮಗೆ ಬರುತ್ತದೆಯೇ?”

“ನನಗೆ ಬರುವುದಿಲ್ಲ. ರೇಷ್ಮೆಗೆ ನೆನಪಿರುತ್ತದೆ” ಎಂದೆ.

ಮನಸ್ಸಿನಲ್ಲಿ ತಂದೆಯವರಿಗೆ ನಮಸ್ಕರಿಸಿ ಹೊಲಿಗೆ ಬಿಚ್ಚಿದೆ. ಹಳೆಯ ಗೆರೆಗಳ ಮೇಲೆಯೇ ಮಡಚಿದೆ, ಒಂದೊಂದಕ್ಕೂ ಅವರೇ ಹಳೆಯ ಹತ್ತಿ ದಾರದಲ್ಲಿ ಒಂದೊಂದು ಹೊಲಿಗೆ ಹಾಕಿದರು. ಮೂರು ಬೋಗಳು ಒಂದರ ಪಕ್ಕ ಒಂದು ನಿಂತವು. ಅವನ್ನು ಒಮ್ಮೆ ಎದೆಗೆ ಹಿಡಿದು ನೋಡಬೇಕೆಂದು ಅವರಿಗೆ ಆಸೆಯಾಯಿತು.

“ಯಾವ ಕಡೆ?”

“ಎಡಕ್ಕೆ.”

ಕನ್ನಡಿಯ ಮುಂದೆ ನಿಂತು ಗೊಂದಲಗೊಂಡು ಕೈಯನ್ನು ಅತ್ತಿತ್ತ ಮಾಡಿದರು. “ಯಾರ ಎಡಕ್ಕೆ?”

ಇಷ್ಟು ವರ್ಷಗಳ ಮೇಲೆ ನನ್ನಲ್ಲಿ ಆ ಪ್ರಶ್ನೆಯನ್ನು ನಗದೆ ಕೇಳಿದವರು ಅವರೊಬ್ಬರೇ. “ಕನ್ನಡಿಯದಲ್ಲ. ತೊಟ್ಟವರ ಎಡಕ್ಕೆ” ಎಂದೆ.

ಹೊರಡುವ ಮುನ್ನ ಅವರು ಒಂದು ಚಿಕ್ಕ ಕಾರ್ಡು ಕೊಟ್ಟು, ಫೋಟೊದ ಕೆಳಗೆ ಅಂಟಿಸಲು ಹೆಸರು ಬರೆದುಕೊಡಿ, ನಿಮ್ಮ ಅಕ್ಷರದಲ್ಲೇ ಇರಲಿ ಎಂದರು. ಜೀವಮಾನವಿಡೀ ಕ್ಯಾಟಲಾಗಿಗೆ ಬರೆದವನು ನಾನು. ಅಲ್ಲಿ ಜಾಗ ಉಳಿಸಲು ಎಲ್ಲವನ್ನೂ ಕತ್ತರಿಸಿ, ಎಲ್ಲದರ ಮುಂದೆಯೂ ಚುಕ್ಕಿ ಇಡುವುದು ನಿಯಮ. ಪೆನ್ನು ಹಿಡಿದು, ಒಂದೊಂದೇ ಅಕ್ಷರವನ್ನು ಬಿಡಿಸಿ, ಸ್ವರಗಳನ್ನೆಲ್ಲ ಸೇರಿಸಿ, ಶ್ವೆಸ್ಟರ್ ಮಾರ್ಥಾ ಬ್ರಾಂಟ್ ಎಂದು ಪೂರ್ತಿಯಾಗಿ ಬರೆದೆ. ಎಲ್ಲಿಯೂ ಚುಕ್ಕಿ ಇಡಲಿಲ್ಲ.